ದೋಣಿ ಮಗುಚಿದ ಮೇಲೆ

ನಮ್ಮೂರಿಗೆ ಶುಕ್ರವಾರ ಬಂದ ಸಿನಿಮಾ ಗುರುವಾರದ ಹೊತ್ತಿಗೆ ಅದೇ ಸಿನಿಮಾ ಆಗಿ ಉಳಿದಿರುವುದಿಲ್ಲ. ಸಂಜೆ ಆಟ ಮುಗಿದ ಮೇಲೆ ಜನ ಟಾಕೀಸಿನ ಮೆಟ್ಟಿಲ ಮೇಲೆ ಕೂತು, ಮಡಿಲಿಗೆ ಅಂಟಿದ ಕಡಲೆಕಾಯಿ ಸಿಪ್ಪೆ ಕೊಡವಿಕೊಳ್ಳುತ್ತಾ, ಅದು ಹಾಗಿರಬೇಕಿತ್ತು, ಇದು ಹೀಗಿರಬೇಕಿತ್ತು ಎಂದು ಮಾತಿಗೆ ತೊಡಗುತ್ತಾರೆ. ಒಬ್ಬರು ಅಂದ ಮಾತಿಗೆ ಅಲ್ಲಿ ಕೂತವರು ಯಾರೂ ಅಡ್ಡ ಬರದಿದ್ದರೆ ಮಾರನೇ ದಿನದ ಆಟದಲ್ಲಿ ಅದು ಹಾಗೇ ಆಗಿರುತ್ತದೆ. ಯಾರಾದರೂ ಒಬ್ಬರು 'ಬೇಡ' ಅಂದರೂ ಸಾಕು, ಇದ್ದದ್ದು ಇದ್ದ ಹಾಗೇ. ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೇ ಹೀಗಿತ್ತು. ನಮ್ಮತ್ತೆಯನ್ನು ಒಮ್ಮೆ ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, 'ಹೂಂ, ಸಾರಿಗೆ ಉಪ್ಪು ಹಾಕಿದ್ಯಾ?' ಅಂದಿದ್ದರು.

ಹಾಗಾಗಿ ನಮ್ಮಲ್ಲಿ ಸಿನಿಮಾಕ್ಕೆ ದಿನ ನೋಡಿಕೊಂಡು ಹೋಗುತ್ತಾರೆ. ಚೆನ್ನಾಗಿ ಅತ್ತು ಹಗುರಾಗಬೇಕು ಅನ್ನಿಸಿದವರು ಶುಕ್ರವಾರ ಹೋಗುತ್ತಾರೆ. ಬಸುರಿಯರು, ಬಿಪಿ ಇದ್ದವರು, ಹೆಣ್ಣು ನೋಡಲು ಬಂದ ಬೀಗರು ಗುರುವಾರ. ಗುರುವಾರದ ಹೊತ್ತಿಗೆ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿರುತ್ತಾರೆ, ಮನೆಗೆ ಬೆಂಕಿ ಇಟ್ಟ ಖಳನಾಯಕ ಅದೇ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಗಾಳಿಪಟ ಕಟ್ಟಿಕೊಡುತ್ತಿರುತ್ತಾನೆ. ಬಳೆ ಅಂಗಡಿ ಮೀನಾಕ್ಷಮ್ಮ ನಾಯಕಿಯ ಸೀರೆ, ಬಳೆಯ ಬಣ್ಣ ಬದಲಾಯಿಸದೆ ಮನೆಗೆ ಹೋದ ದಿನ ಇಲ್ಲ. ಸೋಡಾ ಅಂಗಡಿ ಕರೀಂ ಸಾಬರಿಗೆ ಯಾವ ಚಿತ್ರಕ್ಕೂ ಇನ್ನೊಂದು ಫೈಟು ಬೇಕು. ಎಲ್ಲರೂ ಸೇರಿ 'ಬೇಡ ಸಾಬ್ರೇ' ಅಂತ ಅವರ ಬಾಯಿ ಮುಚ್ಚಿಸುತ್ತಾರೆ. ಒಂದು ಸಲ ಮಾತ್ರ ಮಳೆ ಬಂದು ಎಲ್ಲರೂ ಓಡಿದಾಗ ಅವರೊಬ್ಬರೇ ಮೆಟ್ಟಿಲ ಮೇಲೆ ಉಳಿದು ತಮ್ಮ ಆಸೆ ಹೇಳಿಕೊಂಡುಬಿಟ್ಟರು. ಮಾರನೇ ದಿನ ಭಕ್ತಿ ಚಿತ್ರದಲ್ಲಿ ಜಟೆ ಬಿಟ್ಟ ಸ್ವಾಮಿಗಳು ಕಮಂಡಲ ಪಕ್ಕಕ್ಕಿಟ್ಟು ರೌಡಿಗಳನ್ನು ಎತ್ತೆತ್ತಿ ಒಗೆದರು. ಊರಿಗೆ ಊರೇ ಎರಡನೇ ಸಲ ನೋಡಲು ಹೋಯಿತು.

ನಮ್ಮ ಮನೆಗೂ ಗಿರಣಿ ಮರಿಸ್ವಾಮಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನ ಹೆಂಡತಿ ವನಜಾಕ್ಷಿ ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಸಿನಿಮಾಕ್ಕೆ ನಾವಿಬ್ಬರೂ ಜೊತೆ. ಅವಳಿಗೆ ಹಾಡು ಇಷ್ಟ, ನನಗೆ ಶುರುವಿನಲ್ಲಿ ಬರುವ ಹೆಸರುಗಳು ಇಷ್ಟ. ಅಕ್ಷರ ತಡವಾಗಿ ಕಲಿತವಳು ನಾನು, ಪರದೆಯ ಮೇಲೆ ಏನು ಬಂದರೂ ಓದದೆ ಬಿಡುವುದಿಲ್ಲ. 'ಬಾಯಲ್ಲಿ ಓದ್ಬೇಡಿ ದೊಡ್ಡಮ್ಮ, ಮುಂದಿನೋರು ತಿರುಗಿ ನೋಡ್ತಾರೆ' ಅಂತ ನನ್ನ ಮೊಣಕೈ ತಿವಿಯುತ್ತಾಳೆ.

ಅವರ ಒಬ್ಬಳೇ ಮಗಳು ರೇವತಿ ಜ್ವರ ಬಂದು ತೀರಿಕೊಂಡು ಕೆಲವು ವರ್ಷ ಆಗಿತ್ತು. ಆಮೇಲೆ ಊರವರು ವನಜಾಳನ್ನು ಬಹಳ ನಾಜೂಕಾಗಿ ನೋಡಿಕೊಂಡರು. ಅವಳ ಮುಂದೆ ಆ ಹೆಸರು ಎತ್ತುವುದಿಲ್ಲ. ಅವಳು ಬರುತ್ತಿದ್ದರೆ ಶಾಲೆಯ ಸುದ್ದಿ, ಪರೀಕ್ಷೆಯ ಸುದ್ದಿ ನಿಲ್ಲಿಸಿ ಮಳೆಯ ಸುದ್ದಿ ತೆಗೆಯುತ್ತಾರೆ. ಯಾವ ಸಿನಿಮಾದಲ್ಲಾದರೂ ಒಂದು ಮಗುವಿಗೆ ಕೆಮ್ಮು ಬಂದರೆ ಸಾಕು, ಅವತ್ತೇ ಸಂಜೆ ಮೆಟ್ಟಿಲ ಮೇಲೆ ಯಾರಾದರೂ, 'ಮಗೂಗೆ ಹುಷಾರಾಗ್ಲಿ' ಅಂದುಬಿಡುತ್ತಾರೆ. ಒಬ್ಬರೂ ಬೇಡ ಅನ್ನುವುದಿಲ್ಲ. ಶನಿವಾರ ಮಗು ಎದ್ದು ಕೂತು ಬನ್ನು ತಿನ್ನುತ್ತಿರುತ್ತದೆ.

ಆ ವಾರದ ಚಿತ್ರದ ಪೋಸ್ಟರಿನಲ್ಲಿ ಒಬ್ಬ ತಾಯಿ, ಒಬ್ಬಳು ಮಗಳು ದೋಣಿಯಲ್ಲಿ ಕೂತು ನಗುತ್ತಿದ್ದರು. ಹಾಡಿನ ಚಿತ್ರವೆಂದುಕೊಂಡು ಇಬ್ಬರೂ ಶುಕ್ರವಾರವೇ ಹೋದೆವು. ಚಿತ್ರದ ತಾಯಿ ಹೊಳೆಯಂಚಿನಲ್ಲಿ ಚಿಕ್ಕ ಹೋಟೆಲು ಇಟ್ಟುಕೊಂಡಿದ್ದಳು. ಮಗಳು ಆಚೆ ದಡದ ಶಾಲೆಗೆ ದೋಣಿಯಲ್ಲಿ ಹೋಗಿಬರುತ್ತಿದ್ದಳು. ಇಂಟರ್‌ವಲ್ಲಿಗೆ ಸ್ವಲ್ಪ ಮುಂಚೆ ದೋಣಿ ಮಗುಚಿತು. ಕೂಗಾಟ ಇಲ್ಲ, ಸಂಗೀತ ಇಲ್ಲ, ನೀರಿನ ಮೇಲೆ ಒಂದು ಜಡೆಯ ರಿಬ್ಬನ್ನು ಮಾತ್ರ. ಪಕ್ಕದಲ್ಲಿ ವನಜಾ ಇರಲಿಲ್ಲ. ನಾನು ಕತ್ತಲಲ್ಲೇ ಚಪ್ಪಲಿ ಹುಡುಕಿ ಅವಳ ಹಿಂದೆ ಹೊರಟೆ. ಮನೆಯವರೆಗೂ ಅವಳು ನಿಲ್ಲಲಿಲ್ಲ.

ಹೆಂಡತಿ ಟಾಕೀಸಿನಿಂದ ಎದ್ದು ಓಡಿದಳು ಎನ್ನುವ ಸುದ್ದಿ ಗಿರಣಿಗೆ ಮುಟ್ಟಿತು. ಮರಿಸ್ವಾಮಿ ಬೆಲ್ಟು ನಿಲ್ಲಿಸಿ, ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಟಾಕೀಸಿನ ಮೆಟ್ಟಿಲಿಗೆ ಹೋದನಂತೆ. ಆಟ ಮುಗಿಯುವವರೆಗೆ ಕಾದು ನಿಂತು, ಜನ ಬಂದು ಕೂತ ಮೇಲೆ, 'ಆ ಮಗು ಉಳೀಬೇಕು' ಅಂದನಂತೆ. ಅವನು ಚಿತ್ರ ನೋಡಿಯೇ ಇರಲಿಲ್ಲ. ಬೇಡ ಎನ್ನುವ ಎದೆ ಯಾರಿಗಿದೆ? ಮೀನಾಕ್ಷಮ್ಮ ಕಣ್ಣೊರೆಸಿಕೊಂಡು, 'ಆ ರಿಬ್ಬನ್ನೂ ಬೇಡ ಕಣಪ್ಪ, ತೆಗೆದುಬಿಡ್ಲಿ' ಅಂದರಂತೆ.

ಶನಿವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ವನಜಾ ಕರೆದಳು. 'ದೊಡ್ಡಮ್ಮ, ಸಂಜೆ ಮತ್ತೆ ಹೋಗೋಣ.'

'ಬೇಡ ಕಣೇ. ಸುಮ್ನೆ ಯಾಕೆ?'

'ಅರ್ಧಕ್ಕೇ ಎದ್ದು ಬಂದೆ. ಉಳಿದದ್ದು ನೋಡ್ಬೇಕು.'

ಹೋದೆವು. ದೋಣಿ ವಾಲಿತು, ಹುಡುಗಿ ಹುಟ್ಟು ಹಿಡಿದುಕೊಂಡಳು, ದಡ ಸೇರಿದಳು. ಇಂಟರ್‌ವಲ್ ಆದ ಮೇಲೆ ಎಲ್ಲ ಬರೀ ಹಾಡು. ಭಾನುವಾರ ದೋಣಿ ವಾಲಲೂ ಇಲ್ಲ. ಸೋಮವಾರ ಹೊಳೆಗೆ ಸೇತುವೆ ಬಂತು. ಮಂಗಳವಾರ ಮಧ್ಯಾಹ್ನ ಹುರುಳಿ ಆರಿಸುತ್ತಾ ಕೂತಾಗ ವನಜಾ ಬಾಯಿಬಿಟ್ಟಳು.

'ಆ ಹೆಂಗಸು ಮಾರನೇ ದಿನ ಎದ್ದು ಏನ್ಮಾಡಿದ್ಲು ಅಂತ ನಾನು ನೋಡ್ಬೇಕು ದೊಡ್ಡಮ್ಮ.'

'ನೋಡಿದೋರನ್ನ ಕೇಳೋಣ. ಮೀನಾಕ್ಷಮ್ಮ ಪೂರ್ತಿ ನೋಡವ್ರಲ್ಲ.'

'ಕೇಳ್ದೆ. ಅಂಥಾದ್ದೇನೂ ಇರ್ಲಿಲ್ಲ ಬಿಡವ್ವ ಅಂತ ಹೇಳಿ, ಕೈಗೆ ಒಂದು ಡಜನ್ ಬಳೆ ಇಟ್ಟು ಕಳಿಸಿದ್ರು.' ಅವಳು ಮೊರವನ್ನು ಒಮ್ಮೆ ಕೇರಿ ಕೆಳಗಿಟ್ಟಳು. 'ಎಲ್ರೂ ಒಳ್ಳೇವ್ರೇ. ಆದ್ರೆ ಇಷ್ಟು ವರ್ಷದಲ್ಲಿ ಈ ಊರ ಟಾಕೀಸಲ್ಲಿ ಶುಕ್ರವಾರ ದಾಟಿದ ಮೇಲೆ ಒಂದು ಮಗೂನೂ ಸತ್ತಿಲ್ಲ. ಈ ಊರಲ್ಲಿ ಸತ್ತಿದ್ದು ನಂದೊಂದೇ ಏನೋ ಅನ್ನಿಸ್ತದೆ.'

ನಾನು ಮೊರವನ್ನು ನನ್ನ ಕಡೆ ಎಳೆದುಕೊಂಡೆ.

'ಮಗು ಹೋದ ಮೇಲೆ ತಾಯಿ ಆದೋಳು ಹೆಂಗಿರ್ತಾಳೆ? ಒಬ್ಬಳನ್ನಾದ್ರೂ ನೋಡಿದ್ರೆ, ನಾನು ಇದ್ದದ್ದು ಸರಿಯಾ ತಪ್ಪಾ ಗೊತ್ತಾಗ್ತಿತ್ತು. ಪ್ರತಿ ಸಲಾನೂ ಆ ಜಾಗ ಬರೋ ಹೊತ್ತಿಗೆ ಬದುಕಿಸಿಬಿಡ್ತಾರೆ. ಗುರುವಾರ ಕಳೆದ್ರೆ ಇದೂ ಹೋಗ್ತದೆ.'

'ಮೆಟ್ಟಿಲ ಮೇಲೆ ಹೇಳೇ ಮತ್ತೆ.'

'ಮಗು ಸಾಯ್ಲಿ ಅಂತ ನಾನು ಹೇಳ್ಲಾ?' ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಸುಮ್ಮನೆ ಕೇಳಿದಳು.

ಅವತ್ತು ಸಂಜೆ ನಾನೇ ಹೇಳಿದೆ. ಚಿತ್ರದಲ್ಲಿ ಹುಡುಗಿ ಡಾನ್ಸಿನಲ್ಲಿ ಮೊದಲ ಬಹುಮಾನ ತೆಗೆದುಕೊಂಡು ಕಪ್ಪು ಎತ್ತಿದ್ದಳು. ಎಲ್ಲರೂ ಕೂತಿದ್ದರು. ಮರಿಸ್ವಾಮಿಯೂ ಇದ್ದ, ಶುಕ್ರವಾರದಿಂದ ದಿನಾ ಆಟ ಬಿಡುವ ಹೊತ್ತಿಗೆ ಬಂದು, ತಾನು ಉಳಿಸಿದ್ದು ಉಳಿದಿದೆಯೇ ಎಂದು ಕಾವಲು ಕೂತ ಹಾಗೆ ಕೂರುತ್ತಿದ್ದ. ನಾನು, 'ಶುಕ್ರವಾರ ಹೆಂಗಿತ್ತೋ ಎಲ್ಲಾ ಹಂಗೇ ಆಗ್ಲಿ' ಅಂದೆ.

'ಅಂದ್ರೆ?' ಅಂದರು ಮೀನಾಕ್ಷಮ್ಮ.

'ದೋಣಿ ಮಗುಚ್ಲಿ.'

'ಬಿಡ್ತು ಅನ್ನಿ ಸಾಕಮ್ಮ!' ಎಂದು ಅವರು ನನ್ನ ಹೆಸರು ಹಿಡಿದೇ ರೇಗಿದರು. ' ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತು ಇದು! ಅದೂ ಯಾರ ಮುಂದೆ!'

ಕರೀಂ ಸಾಬರು, 'ಅಮ್ಮಾ, ಪಾಪ ಹುಡುಗಿ ಇವತ್ತು ತಾನೇ ಕಪ್ ಹೊಡೆದವ್ಳೆ. ಒಂದಿನ ಮನೇಲಿ ಇಟ್ಕೊಳ್ಳೋಕಾದ್ರೂ ಬಿಡಿ' ಅಂದರು. ಒಂದಿಬ್ಬರು ನಕ್ಕರು.

ಮರಿಸ್ವಾಮಿ ನನ್ನ ಕಡೆ ನೋಡಲಿಲ್ಲ. 'ಬೇಡ' ಅಂದ. ಅಲ್ಲಿಗೆ ಮುಗಿಯಿತು.

ಬುಧವಾರ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದೆ. ಗಂಡನಿಗೆ ಊಟದ ಡಬ್ಬಿ ತಂದ ವನಜಾ ಅಲ್ಲೇ ನಿಂತಿದ್ದಳು. ಗಿರಣಿಯ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು.

'ದೊಡ್ಡಮ್ಮನ ಕೈಲಿ ಹೇಳಿಸಿದ್ದು ನೀನೇ ಅಲ್ವಾ?' ಅಂತ ಅವನು ಕೂಗಿದ.

'ಹೌದು. ಬೇಡ ಅಂತ ಯಾಕಂದ್ರಿ?'

'ನಿಂಗೋಸ್ಕರ ಅಂದೆ!'

'ನನ್ನ ಕೇಳಿದ್ರಾ?'

'ಏನು?'

'ನನ್ನ ಕೇಳಿದ್ರಾ ಅಂದೆ!'

ಅವನು ಸ್ವಿಚ್ಚು ಆರಿಸಿದ. ಕಲ್ಲು ತಿರುಗಿ ತಿರುಗಿ ನಿಂತಿತು. ಅಷ್ಟು ಹೊತ್ತು ಕೂಗಿದವರಿಗೆ ಈಗ ದನಿ ಎಷ್ಟು ಇಡಬೇಕೆಂದು ತಿಳಿಯದೆ ಇಬ್ಬರೂ ಸುಮ್ಮನಾದರು. ನಾನು ಚೀಲದ ಬಾಯಿ ಕಟ್ಟುವ ನೆಪದಲ್ಲಿ ಬಗ್ಗಿದೆ.

'ನೀನು ಎದ್ದು ಓಡಿದ್ಯಂತೆ' ಅಂದ ಅವನು.

'ಓಡ್ದೆ. ಉಸಿರು ಕಟ್ಟಿತ್ತು, ಓಡ್ದೆ. ಒಂದು ದಿನ ಸುಧಾರಿಸಿಕೊಂಡು ವಾಪಸ್ಸು ಬಂದು ನೋಡೋಣ ಅಂತಿದ್ದೆ. ಬರೋ ಹೊತ್ತಿಗೆ ನೀವು ಅವಳನ್ನ ಬದುಕಿಸಿಬಿಟ್ಟಿದ್ರಿ.'

'ಬದುಕಿಸಿದ್ದು ತಪ್ಪಾಯ್ತಾ?'

'ಅವಳೇನೋ ಬದುಕಿದ್ಲು. ಅವಳಮ್ಮನಿಗೆ ಈಗ ನನ್ನ ಹತ್ರ ಹೇಳೋಕೆ ಏನೂ ಇಲ್ಲ. ಸೇತುವೆ ಮೇಲೆ ಹಾಡು ಹೇಳ್ಕೊಂಡು ಹೋಯ್ತಾಳೆ. ನಾನು ಇಲ್ಲೇ ಉಳಿದೆ.'

ಮರಿಸ್ವಾಮಿ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಕೈಯಿಂದ ಒಟ್ಟು ಮಾಡುತ್ತಾ ನಿಂತ. 'ಅದನ್ನ ನೀನು ಎರಡನೇ ಸಲ ನೋಡೋದು ನನ್ನ ಕೈಲಿ ಆಗಲ್ಲ ವನಜಾ' ಅಂದ. ಆಮೇಲೆ ಸ್ವಿಚ್ಚು ಹಾಕಿದ. ಅವಳು ಡಬ್ಬಿಯನ್ನು ಕಿಟಕಿಯಲ್ಲಿಟ್ಟು ನಡೆದಳು.

ಬುಧವಾರ ಸಂಜೆ ಹೇಳಿದರೆ ಗುರುವಾರಕ್ಕೆ ಬರುತ್ತದೆ, ಇಲ್ಲದಿದ್ದರೆ ಶುಕ್ರವಾರ ಬೆಳಗಿನ ಬಸ್ಸಿಗೆ ರೀಲಿನ ಪೆಟ್ಟಿಗೆ ಹೊರಟುಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಅವತ್ತಿನ ಆಟದಲ್ಲಿ ಹುಡುಗಿಗೆ ಒಬ್ಬ ತಮ್ಮನೂ ಹುಟ್ಟಿದ್ದ. ಜನ ಬಂದು ಕೂತರು. ಮೀನಾಕ್ಷಮ್ಮ ಆ ಮಗುವಿನ ಜುಬ್ಬಕ್ಕೆ ಜರಿ ಅಂಚು ಇರಲಿ ಎಂದರು, ಇರಲಿ ಅಂದಿತು ಎಲ್ಲರ ಮೌನ. ಆಗ ವನಜಾ ಎದ್ದು ನಿಂತಳು. ಮೆಟ್ಟಿಲ ಮೇಲೆ ಯಾರೂ ಎದ್ದು ನಿಂತು ಮಾತಾಡುವುದಿಲ್ಲ.

'ಶುಕ್ರವಾರದ ಹಂಗೇ ದೋಣಿ ಮಗುಚಿ ಆ ಮಗು ಸಾಯ್ಲಿ' ಅಂದಳು. ಕೊನೆಯ ಮಾತಿನಲ್ಲಿ ದನಿ ಒಡೆಯಿತು, ಆದರೆ ಎಲ್ಲರಿಗೂ ಕೇಳಿಸಿತು.

ಮೀನಾಕ್ಷಮ್ಮ ಬಾಯಿ ತೆರೆದರು. 'ಅಯ್ಯೋ ವನಜಾ, ನಿನ್ನ ಬಾಯಲ್ಲೇ...'

'ನನ್ನ ಬಾಯಲ್ಲೇ ಮೀನಾಕ್ಷಕ್ಕ. ಬೇರೆಯವ್ರ ಬಾಯಲ್ಲಿ ಬಂದಿದ್ದು ನಡೀಲಿಲ್ಲ. ನೀವು ನಂಗೋಸ್ಕರ ಬದುಕಿಸ್ತೀರಿ, ಗೊತ್ತು. ಈ ಒಂದು ಸಲ ನಂಗೋಸ್ಕರ ಸುಮ್ನಿರಿ.'

ಮೀನಾಕ್ಷಮ್ಮ 'ಬೇಡ' ಎನ್ನಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಕರೀಂ ಸಾಬರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಹಾಲಿನ ಪುಟ್ಟೀರಮ್ಮ ನೆಲ ನೋಡುತ್ತಾ ಕೂತಳು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಮರಿಸ್ವಾಮಿಯ ಕಡೆ ತಿರುಗಿದವು. ಅವನು ಎದ್ದು ಎರಡು ಮೆಟ್ಟಿಲು ಇಳಿದ. ಹೊರಟೇಹೋದ ಎಂದುಕೊಂಡೆ. ಹೋಗಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ, ನಮಗೆ ಬೆನ್ನು ಮಾಡಿ ನಿಂತ. ಅವನ ಅಂಗಿಯ ಬೆನ್ನಿನಲ್ಲಿ ಬೆವರಿಗೆ ಹಿಟ್ಟು ಹತ್ತಿ ಗಟ್ಟಿಯಾಗಿತ್ತು. ಅವನು ಒಂದು ಮಾತು ಅಂದರೆ ಮುಗಿಯಿತು. ನಾನು ವನಜಾಳ ಕೈ ಹಿಡಿದುಕೊಂಡೆ.

ಅವನು ಈ ಕಡೆ ತಿರುಗದೆಯೇ, 'ನಾಳೆ ನಾನೂ ಬರ್ಲಾ?' ಅಂದ.

'ಬನ್ನಿ' ಅಂದಳು ವನಜಾ.

ಗುರುವಾರ ಬಸುರಿಯರು ಬರಲಿಲ್ಲ. ಉಳಿದಂತೆ ಊರೆಲ್ಲ ಬಂದಿತ್ತು. ಹೆಂಗಸರ ಬೆಂಚಿನಲ್ಲಿ ವನಜಾಳ ಪಕ್ಕ ಮರಿಸ್ವಾಮಿ ಕೂತ, ಯಾರೂ ಏನೂ ಅನ್ನಲಿಲ್ಲ. ಅವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ದೋಣಿ ಮಗುಚಿತು. ರಿಬ್ಬನ್ನು ಬಂತು. ಮೀನಾಕ್ಷಮ್ಮನ ಬಿಕ್ಕು ಹಿಂದಿನಿಂದ ಕೇಳಿತು. ಮರಿಸ್ವಾಮಿ ತಲೆ ತಗ್ಗಿಸಿದ. ವನಜಾ ಕಣ್ಣು ಕೀಳಲಿಲ್ಲ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದರೂ ಒಬ್ಬರೂ ಸೋಡಾಕ್ಕೆ ಏಳಲಿಲ್ಲ. ಕರೀಂ ಸಾಬರೂ ಅಂಗಡಿ ತೆರೆಯದೆ ಒಳಗೇ ಕೂತಿದ್ದರು.

ಆಮೇಲೆ ಮಾರನೇ ದಿನ ಬಂತು. ಆ ತಾಯಿ ಎದ್ದಳು. ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಒಲೆಯ ಬೂದಿ ಬಳಿದಳು. ಮುಖ ತೊಳೆದಳು. ಚೀಲ ಹಿಡಿದು ಸಂತೆಗೆ ಹೋದಳು. ಸೊಪ್ಪಿನವಳು ಕೊತ್ತಂಬರಿ ಕಟ್ಟು ಕೊಟ್ಟಾಗ ಅದನ್ನು ತಿರುಗಿಸಿ ನೋಡಿ, 'ಇದು ಕಟ್ಟಾ? ಇದನ್ನ ಕಟ್ಟು ಅಂತಾರಾ?' ಎಂದು ಶುರುಮಾಡಿದಳು. ನೋಡುತ್ತಾ ನೋಡುತ್ತಾ ದೊಡ್ಡ ಜಗಳವೇ ಆಗಿಹೋಯಿತು. ನಿನ್ನ ತಕ್ಕಡಿ ಸುಳ್ಳು, ನಿನ್ನ ಬಾಯಿ ಸುಳ್ಳು, ನಿಮ್ಮ ವಂಶವೇ ಸುಳ್ಳು. ಸಂತೆಯ ಜನ ಸುತ್ತ ನಿಂತು, ಇವಳಿಗೇನು ಮಗು ಹೋದ ದುಃಖ ಇದೆಯೇ ಇಲ್ಲವೇ ಎಂದು ನೋಡುತ್ತಿದ್ದರು. ಕೊನೆಗೆ ಅವಳು ಇನ್ನೊಂದು ಕಟ್ಟನ್ನು ತಾನೇ ಎತ್ತಿ ಚೀಲಕ್ಕೆ ಹಾಕಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದು, ಸಾರು ಮಾಡಿ, ಹೊಟ್ಟೆ ತುಂಬ ಉಂಡು ಮಲಗಿದಳು.

ವನಜಾ ನಕ್ಕುಬಿಟ್ಟಳು. ಬಾಯಿ ಮುಚ್ಚಿಕೊಂಡು ನಕ್ಕದ್ದಲ್ಲ, ಟಾಕೀಸಿಗೆಲ್ಲ ಕೇಳುವ ಹಾಗೆ. ಮುಂದಿನವರು ತಿರುಗಿ ನೋಡಿದರು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಮರಿಸ್ವಾಮಿ ಗಾಬರಿಯಿಂದ ನನ್ನ ಕಡೆ ನೋಡಿದ. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

ಗುರುವಾರ ಯಾರೂ ಮೆಟ್ಟಿಲ ಮೇಲೆ ಕೂರುವುದಿಲ್ಲ. ನಾಳೆ ಆ ಚಿತ್ರವೇ ಇಲ್ಲದ ಮೇಲೆ ಮಾತಾಡಿ ಏನು ಬದಲಾಗಬೇಕು? ಎದ್ದವರು ನೇರ ಮನೆಗೆ ಹೋಗುವುದು ರೂಢಿ. ಅವತ್ತು ವನಜಾ ಹೋಗಿ ತನ್ನ ಜಾಗದಲ್ಲಿ ಕೂತಳು. ನಾನು ಕೂತೆ. ಹೊರಟಿದ್ದ ಜನ ಅನುಮಾನಿಸಿ ಅನುಮಾನಿಸಿ ಒಬ್ಬೊಬ್ಬರೇ ಬಂದು ಕೂತರು.

'ರೇವತಿ ಹೋದ ಮೂರನೇ ದಿನ ನಾನು ಪುಟ್ಟೀರಮ್ಮನ ಹತ್ರ ಜಗಳ ಆಡ್ದೆ' ಅಂದಳು ವನಜಾ. ಆ ಹೆಸರು ಎಷ್ಟೋ ಕಾಲದ ಮೇಲೆ ಬೀದಿಯಲ್ಲಿ ಕೇಳಿದ್ದು. 'ಹಾಲಿಗೆ ನೀರು ಹಾಕಿದ್ದೀಯ ಅಂತ. ಚೊಂಬು ಎಸೆದೆ. ಆಮೇಲೆ ಹೊಟ್ಟೆ ತುಂಬ ಉಂಡೆ. ಉಂಡು ಮಲಗಿದ್ದೆ. ಎದ್ದ ಮೇಲೆ ನಾನೆಂಥಾ ತಾಯಿ ಅಂತ ನಂಗೇ ಹೇಸಿಗೆ ಆಯ್ತು. ಇವತ್ತಿನವರೆಗೂ ಆ ಹೇಸಿಗೆ ಹೋಗಿರ್ಲಿಲ್ಲ.'

ಪುಟ್ಟೀರಮ್ಮ ಮೂಲೆಯಿಂದ, 'ಅವತ್ತು ನಾನು ನೀರು ಹಾಕಿರ್ಲಿಲ್ಲ ಕಣವ್ವ' ಅಂದಳು.

'ಗೊತ್ತು.'

'ಬೇರೆ ದಿನ ಹಾಕ್ತಿದ್ದೆ. ಅವತ್ತು ಹಾಕಿರ್ಲಿಲ್ಲ. ಆ ಮನೇಗೆ ಹೆಂಗೆ ಹಾಕ್ಲಿ ಅಂತ ಗಟ್ಟಿ ಹಾಲೇ ತಂದಿದ್ದೆ.'

ಯಾರಿಗೋ ನಗು ಬಂತು. ವನಜಾಳೂ ನಕ್ಕಳು. ಮರಿಸ್ವಾಮಿ ಹೆಂಡತಿಯ ಪಕ್ಕದಲ್ಲಿ, ಎರಡೂ ಅಂಗೈ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಕೇಳುವವರು ಯಾರೂ ಇಲ್ಲವೇನೋ ಎನ್ನುವಂತೆ, 'ನಾನು ಆ ತಿಂಗಳೆಲ್ಲ ಕಾಳೇ ಹಾಕದೆ ಗಿರಣಿ ಓಡಿಸ್ತಿದ್ದೆ' ಅಂದ. 'ಸದ್ದು ಇದ್ರೆ ಅಳೋದು ಯಾರಿಗೂ ಕೇಳಲ್ಲ.'

ವನಜಾ ಅವನ ಕಡೆ ತಿರುಗಿದಳು. 'ಕಲ್ಲು ಅಷ್ಟು ಬೇಗ ಸವೆದದ್ದು ಅದಕ್ಕೇನಾ?'

'ಹೂಂ.'

'ಕಲ್ಲು ಮಾರಿದೋನನ್ನ ಮನೆ ಬಾಗ್ಲಿಗೆ ಹೋಗಿ ಬೈದು ಬಂದೆ ನಾನು!'

'ಗೊತ್ತು. ಹೆಂಗೆ ಹೇಳ್ಲಿ ಆಗ?'

ಮೀನಾಕ್ಷಮ್ಮ ಮೆಲ್ಲಗೆ ಬಂದು ವನಜಾಳ ಹಿಂದಿನ ಮೆಟ್ಟಿಲಲ್ಲಿ ಕೂತರು. 'ಆ ಹುಡುಗಿ ಕೈ ಎಷ್ಟು ಮೆತ್ತಗಿತ್ತು ಅಂತೀಯ, ಬಳೆ ತೊಡಿಸುವಾಗ ಸೋಪೇ ಬೇಕಾಗಿರ್ಲಿಲ್ಲ. ಹಸಿರು ತೊಡಿಸಿದ್ರೆ ಕೆಂಪು ಅನ್ನೋದು, ಕೆಂಪು ತೊಡಿಸಿದ್ರೆ ಹಸಿರು ಅನ್ನೋದು' ಅಂದರು. ಕರೀಂ ಸಾಬರು, 'ನಮ್ಮಂಗಡೀಲಿ ಗೋಲಿ ಸೋಡಾ ಒಡೆಯೋ ಸದ್ದಿಗೆ ಕಿವಿ ಮುಚ್ಕೊಂಡು ನಿಲ್ತಿತ್ತು. ಕುಡಿಯೋಕಲ್ಲ, ಕಿವಿ ಮುಚ್ಕೊಳ್ಳೋಕೇ ಬರ್ತಿತ್ತು' ಅಂದರು. ನಾನೂ ನನಗೆ ಗೊತ್ತಿದ್ದದ್ದು ಹೇಳಿದೆ. ನಮ್ಮ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ನನ್ನ ಪುಸ್ತಕದಲ್ಲಿ ನಾನು ಬರೆದ 'ಣ' ನೋಡಿ, ಇದು ಬಸವನ ಹುಳು ಇದ್ದ ಹಾಗಿದೆ ಅಜ್ಜಿ ಎಂದು ಆಡಿಕೊಂಡದ್ದು. ವನಜಾ ಒಂದೊಂದಕ್ಕೂ, 'ಹೌದಾ? ನಂಗೊತ್ತೇ ಇರ್ಲಿಲ್ಲ' ಅನ್ನುತ್ತಿದ್ದಳು. ಆ ಮಾತುಗಳಿಂದ ಯಾವ ಪರದೆಯ ಮೇಲೂ ಏನೂ ಬದಲಾಗುವಂತಿರಲಿಲ್ಲ. ಅದಕ್ಕೇ ಇರಬೇಕು, ಯಾರೂ ಅಡ್ಡ ಬರಲಿಲ್ಲ, ಯಾರೂ ಅಳೆದು ತೂಗಿ ಮಾತಾಡಲಿಲ್ಲ.

ಆಪರೇಟರ್ ಗಿಡ್ಡಯ್ಯ ರೀಲುಗಳನ್ನು ಪೆಟ್ಟಿಗೆಗೆ ತುಂಬಿ, ತಗಡಿನ ಮುಚ್ಚಳ ಹಾಕಿ, ಬಾಗಿಲಿಗೆ ಬಂದ. ಗುರುವಾರ ಮೆಟ್ಟಿಲ ಮೇಲೆ ಜನ ಕೂತದ್ದನ್ನು ಅವನು ಈವರೆಗೆ ಕಂಡವನಲ್ಲ. ಬೀಗದ ಕೈಯಿಂದ ತಲೆ ಕೆರೆದುಕೊಂಡು, 'ಏನ್ರಪ್ಪಾ ಇದು? ಇನ್ನೂ ಏನಾದ್ರೂ ಬದಲಾಯಿಸೋದು ಉಳಿದದಾ? ಪೆಟ್ಟಿಗೆ ಮುಚ್ಚಿಬಿಟ್ಟೆ' ಅಂದ.

ಎಲ್ಲರೂ ವನಜಾಳನ್ನು ನೋಡಿದರು. ಮರಿಸ್ವಾಮಿಯೂ ನೋಡಿದ.

'ಇಲ್ಲ ಗಿಡ್ಡಯ್ಯ' ಅಂದಳು ವನಜಾ. 'ಹಂಗೇ ಕಳಿಸು.'